ಕ್ಯಾಲ್ಸಿಯಂ ಹಾಕದ ಟ್ಯೂಬು

ಎಂಟು ತಿಂಗಳು ನನ್ನನ್ನು ಸತಾಯಿಸಿದ್ದು ಒಂದೇ ಒಂದು ಟ್ಯೂಬು.

ನರಕೋಶದ ತುದಿಯಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲಗಳಿರುತ್ತವೆ. ಕ್ಯಾಲ್ಸಿಯಂ ಒಳಗೆ ಬಂದ ಕೂಡಲೇ ಅವು ಕೋಶದ ಪೊರೆಗೆ ಬೆಸೆದುಕೊಂಡು ಒಳಗಿದ್ದುದನ್ನು ಹೊರಗೆ ಸುರಿಯುತ್ತವೆ. ತುಮಕೂರಿನ ನಮ್ಮ ಲ್ಯಾಬಿನಲ್ಲಿ ಜೀವಕೋಶವೇ ಇಲ್ಲದೆ, ಕೊಬ್ಬಿನಿಂದ ಅಂಥ ಚೀಲ ಮಾಡಿ, ಬೇಕಾದ ಪ್ರೋಟೀನುಗಳನ್ನು ಕೂಡಿಸಿ, ಅದೇ ಕೆಲಸವನ್ನು ಟ್ಯೂಬಿನಲ್ಲಿ ನಡೆಸಬೇಕಿತ್ತು. ಚೀಲ ಬೆಸೆದುಕೊಂಡರೆ ಅದರಲ್ಲಿ ಸೇರಿಸಿದ ಬಣ್ಣ ಹೊಳೆಯುತ್ತದೆ. ಕ್ಯಾಲ್ಸಿಯಂ ಹಾಕದ ಟ್ಯೂಬು ಹೊಳೆಯಬಾರದು. ನನ್ನದು ಹೊಳೆಯುತ್ತಿತ್ತು.

"ನಿಮ್ಮ ಕೈ ಇನ್ನೂ ಕೂತಿಲ್ಲ, ಮತ್ತೆ ಮಾಡಿ," ಅನ್ನುತ್ತಿದ್ದರು ನನ್ನ ಸಂಶೋಧನೆಯ ಗೈಡ್. ಕೊಬ್ಬು ಬದಲಿಸಿದೆ, ಪ್ರೋಟೀನು ಹೊಸದಾಗಿ ತಯಾರಿಸಿದೆ. ಹೆಬ್ಬೂರಿನ ಬಸ್ಸಲ್ಲಿ ನಿಂತುಕೊಂಡೇ ನೋಟ್‌ಬುಕ್ ತಿರುವಿ ಹಾಕಿದೆ. ಬೆಳಿಗ್ಗೆ ಹೋಗಿ ನೋಡಿದರೆ ಮತ್ತದೇ ಹೊಳಪು.

ಒಂದು ಮಧ್ಯಾಹ್ನ ಸಿಟ್ಟಿಗೆ ದ್ರಾವಣ ಮಾಡಿಡುವ ಖಾಲಿ ಬಾಟ್ಲಿಯನ್ನು ಟೇಬಲ್ ಮೇಲೆ ಕುಕ್ಕಿದೆ. ಗಾಜಿನ ಸಾಮಾನು ತೊಳೆಯಲು ಕೊತ್ತಗೆರೆಯಿಂದ ಬರುತ್ತಿದ್ದ ಅಕ್ಕ ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ನೋಡವ್ವ, ಬೆಳ್ಳಗೆ ಕಟ್ಕೊಂಡದೆ. ಬೋರ್ ನೀರು ಕಣವ್ವ, ಗಡಸು. ನಮ್ಮನೆ ಪಾತ್ರೆನೂ ಹಿಂಗೇಯ."

"ಕೊನೇಲಿ ಶುದ್ಧ ನೀರಲ್ಲಿ ತೊಳೆಯಲ್ವಾ ಅಕ್ಕ?"

"ಮಿಷನ್ ನೀರು ದಂಡ ಮಾಡಬ್ಯಾಡ ಅಂದವ್ರೆ ಸಾರು. ಬಂದ ಹೊಸದ್ರಲ್ಲೇ ನಿಂಗೆ ಹೇಳಿದ್ನಲ್ಲ. ನೀನೇ ಆಮೇಲ್ ನೋಡಾಣ ಬುಡಿ ಅಂದೆ."

ಹೇಳಿದ್ದರು. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಬಿಳಿ ಪದರದ ತುಂಬ ಇದ್ದುದು ಕ್ಯಾಲ್ಸಿಯಂ! ಕೂಡಲೇ, ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವ ಪುಡಿಯನ್ನು ಒಂದು ಚಿಟಿಕೆ ಬೆರೆಸಿದ ದ್ರಾವಣದಲ್ಲಿ ಪ್ರಯೋಗ ನಡೆಸಿದೆ. ಹೊಳಪನ್ನು ಅಳೆದು ತೋರಿಸುವ ಪರದೆಯ ಮೇಲಿನ ಗೆರೆ ನೆಲ ಬಿಟ್ಟು ಏಳಲಿಲ್ಲ. ಖುಷಿಗಿಂತ ಮೊದಲು ಅಳು ಬಂತು. ಮೊದಲ ದಿನವೇ ಮಾಡಿ ನೋಡಬೇಕಿದ್ದ ಪರೀಕ್ಷೆ ಅದು.

ಗೈಡ್ ಹತ್ತಿರ ಓಡಿದೆ. ಮಾತು ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ನೀರು ಉಳಿಸಲು ಹೇಳಿದ್ದು ತಾವೇ ಅನ್ನೋದು ಅವರ ಬಾಯಿಂದ ಬರಲೇ ಇಲ್ಲ.

"ಸರಿ, ಹಳೇ ಡೇಟಾ ಎಲ್ಲ ಬಿಸಾಕಿ. ಮೊದಲಿಂದ ಮಾಡಿ."

ಮತ್ತೆ ಎಂಟು ತಿಂಗಳು ಹಿಡಿಯಿತು. ಕೊನೆಗೆ ವರದಿಯ ಕೃತಜ್ಞತೆಯ ಸಾಲಿನಲ್ಲಿ ಅಕ್ಕನ ಹೆಸರು ಸೇರಿಸಿದೆ. "ಇದೆಲ್ಲ ಯಾಕೆ?" ಎಂದು ಗೈಡ್ ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿದರು. ನಾನು ಕಂಪ್ಯೂಟರ್ ಮುಂದೆ ಕೂತು ಆ ಹೆಸರನ್ನು ಹಾಗೇ ಉಳಿಸಿಕೊಂಡು ಪ್ರಿಂಟ್ ಕೊಟ್ಟೆ.