ಕಟ್ಟಿಗೆ ಹಿಡಿಕೆಯ ಒಳಗಿನ ನಂಬರು

ಉಸ್ತಾದರ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಸದಾ ಕಪ್ಪು ಎಣ್ಣೆ. ಬಲಗೈಯದೋ ಎಡಗೈಯದೋ, ಈಗ ಆಣೆ ಮಾಡಿ ಹೇಳಲಾರೆ. ಆ ಮಧ್ಯಾಹ್ನದ ಬಗ್ಗೆ ನನಗಿರುವ ನೆನಪಿನಲ್ಲಿ ನಡೆದದ್ದೆಷ್ಟು, ನಾನೇ ಆಮೇಲೆ ಕೂಡಿಸಿಕೊಂಡದ್ದೆಷ್ಟು ಎಂಬುದೂ ಖಾತ್ರಿಯಿಲ್ಲ.

ಹುಮನಾಬಾದಿನಲ್ಲಿ ಅವರದು ಬಂದೂಕು ರಿಪೇರಿಯ ಸಣ್ಣ ಅಂಗಡಿ. ಎಲ್ಲರಿಗೂ ಅವರು ಉಸ್ತಾದರು. ಹಳೆಯ ರಿವಾಲ್ವರು ಸಂಗ್ರಹಿಸುವವರು ಹೈದರಾಬಾದಿನಿಂದ ಕಾರು ಮಾಡಿಕೊಂಡು ಬಂದು, ತಮ್ಮದು ಯಾವ ಕಾಲದ ತಯಾರಿಕೆ ಎಂದು ಕೇಳುತ್ತಿದ್ದರು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಗುಂಡಿಗೆ ಬಡಿಯುವ ಹಿಂಬದಿಯ ಕೊಕ್ಕೆ, ಅಂದರೆ ಘೋಡಾ, ಎಳೆಯಬೇಕಾದ ಅಮೆರಿಕದ ಹಳೆಯ ರಿವಾಲ್ವರುಗಳೆಂದರೆ ಅವರಿಗೆ ಮುದ್ದು. ಹಸಿರು ಕಂಬಳಿಯ ತುಂಡಿನ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಘೋಡಾವನ್ನು ನಿಧಾನವಾಗಿ ಎಳೆಯುವರು. ಒಂದರ ಹಿಂದೆ ಒಂದು ನಾಲ್ಕು ಸಣ್ಣ ಸಪ್ಪಳ. ಅಂಗಡಿಯ ಬಿಸಿಲು, ಎಣ್ಣೆಯ ವಾಸನೆ, ಆ ಸಪ್ಪಳ ಸೇರಿ ಕೂತವರಿಗೆ ಜೊಂಪು ಹತ್ತುತ್ತಿತ್ತು. “ನೋಡಿದ್ದು ಬರೀರಿ, ಕೇಳಿದ್ದು ಬ್ಯಾರೆ ಕಡೆ ಇಡ್ರಿ” ಎನ್ನುವುದು ಅವರ ರೂಢಿಯ ಮಾತು. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಇತಿಹಾಸ ಓದಿ ಕಲಿತದ್ದನ್ನು ಇವರು ಅರ್ಧ ಸಾಲಿನಲ್ಲಿ ಹೇಳಿಬಿಟ್ಟರಲ್ಲ ಎನಿಸಿತ್ತು ನನಗೆ.

ಬಸವಕಲ್ಯಾಣದ ನನ್ನ ಸೋದರತ್ತೆಯ ಗಂಡ ತೀರಿಕೊಂಡ ವರ್ಷ ಚುನಾವಣೆ ಬಂತು. ಲೈಸೆನ್ಸಿನ ಹತಿಯಾರುಗಳನ್ನೆಲ್ಲ ಠಾಣೆಯಲ್ಲಿ ಇಡಬೇಕು. ನಾನೂ ಅತ್ತೆಯೂ ಮಾವನ ರಿವಾಲ್ವರು ಕೊಡಲು ಹೋದರೆ, ಅದರ ಮೈಮೇಲಿನ ನಂಬರಿಗೂ ಲೈಸೆನ್ಸಿನ ನಂಬರಿಗೂ ಒಂದು ಅಂಕಿ ತಾಳೆಯಾಗಲಿಲ್ಲ. ಲೈಸೆನ್ಸಿನದನ್ನು ಮಾರಿ ಕಳ್ಳ ಮಾಲು ಇಟ್ಟುಕೊಂಡಿದ್ದರೇ ಎಂದು ಠಾಣೆಯವರು ಕೇಳಿದರು. ಕೇಸಿನ ಮಾತೂ ಬಂತು. ತಿಳಿದವರಿಂದ ಚೀಟಿ ತರಲು ಒಂದು ದಿನ ಕೊಟ್ಟು, ರಿವಾಲ್ವರನ್ನು ಒಬ್ಬ ಪೇದೆಯ ಕೈಯಲ್ಲಿ ನಮ್ಮೊಂದಿಗೆ ಕಳಿಸಿದರು. ಹುಮನಾಬಾದ್ ಮುಟ್ಟಿದ ಮೇಲೆ ಪೇದೆ ಅಂಗಡಿಯ ಬಾಗಿಲಲ್ಲೇ ಬೆಂಚಿನ ಮೇಲೆ ಕೂತು ತೂಕಡಿಸತೊಡಗಿದರು.

“ಸತ್ತ ಮ್ಯಾಲ ಕಳ್ಳ ಅನಿಸ್ಕೊಳ್ಳೂ ಪಾಳಿ ಬಂತು ನೋಡ್ರಿ ಅವರಿಗೆ” ಎಂದಳು ಅತ್ತೆ.

ಉಸ್ತಾದರು ರಿವಾಲ್ವರನ್ನು ತಿರುವಿ ಹೊಟ್ಟೆಯ ಭಾಗ ನೋಡಿದರು. “ಏನ್ ಹಚ್ಚಿ ತಿಕ್ಕೀರಿ ಅಕ್ಕಾರ ಇದಕ್ಕ?”

“ದಸರಾದಾಗ ಖಂಡೆ ಪೂಜಿಗೆ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ತಿದ್ದೆ. ವರ್ಷಾ.”

“ಹಿತ್ತಾಳಿ ಚರಗಿ ಅಂತ ತಿಳದೀರೇನ್ರಿ? ಎಂಟರ ಅರ್ಧ ಮೈ ತಿಕ್ಕಿ ತಿಕ್ಕಿ ಮೂರು ಮಾಡೀರಿ.”

ಅತ್ತೆ ತನ್ನ ಕೈಗಳನ್ನೇ ನೋಡಿಕೊಂಡಳು. ಗಂಡನ ಮೇಲೆ ಕಳ್ಳತನ ಹೊರಿಸಿದ್ದು ತನ್ನದೇ ಶ್ರದ್ಧೆಯ ಕೈ.

ಆದರೆ ಅಳಿಸಿದ್ದು ಎಂಟೇ ಎನ್ನಲು ಠಾಣೆಗೆ ಸಾಕ್ಷಿ ಬೇಕು. ಉಸ್ತಾದರು ಘೋಡಾ ಎಳೆದು ನಾಲ್ಕು ಸಪ್ಪಳ ಕೇಳಿದರು. ಆಮೇಲೆ ನನಗೆ ತೋರಿಸಿದರು: ತೀರ ಹಳೆಯವುಗಳಲ್ಲಿ, ಗುಂಡಿನ ಚಕ್ರ ತಿರುಗುವ ಕಡ್ಡಿಯನ್ನು ಮುಂದಿನಿಂದ ಒಂದು ಸ್ಕ್ರೂ ಹಿಡಿದಿರುತ್ತದೆ. ಇದರಲ್ಲಿ ಸ್ಕ್ರೂ ಇಲ್ಲ, ಪಕ್ಕದಲ್ಲಿ ಒತ್ತುವ ಗುಂಡಿ ಇದೆ. ಇನ್ನೂ ಈಚಿನವುಗಳಲ್ಲಿ ಅದೇ ನಂಬರನ್ನು ಹಿಡಿಕೆಯ ಕಟ್ಟಿಗೆಯ ಒಳಗಿನ ಲೋಹದ ಮೇಲೂ ಒತ್ತಿರುತ್ತಾರೆ. ಹಿಡಿಕೆಯ ಒಂದೇ ಸ್ಕ್ರೂ ಬಿಚ್ಚಿದರು. ಕಟ್ಟಿಗೆ ಎರಡು ಹೋಳಾಗಿ ಬಂತು. ಒಳಗಿನ ಲೋಹದ ಪಟ್ಟಿಯಲ್ಲಿ ಹುಣಸೆಹಣ್ಣು ಮುಟ್ಟದ ನಂಬರು. ಎಂಟು ಎಂಟಾಗಿಯೇ ಇತ್ತು.

ಅತ್ತೆ ಗೋಡೆಗೆ ಒರಗಿ ಉಸಿರು ಬಿಟ್ಟಳು. ನಾನು ಸುಮ್ಮನಿರಲಿಲ್ಲ.

“ಹಂಗಾದ್ರ ಇದು ಮುತ್ತಜ್ಜನ ಕಾಲದ್ದಲ್ಲ?”

ಶಿಕಾರಿಗೆ ಬಂದ ನವಾಬರೊಬ್ಬರು ಇದನ್ನು ತನ್ನ ಮುತ್ತಜ್ಜನಿಗೆ ಸೊಂಟದಿಂದ ಬಿಚ್ಚಿ ಕೊಟ್ಟರು ಎಂದು ಮಾವ ಮದುವೆ ಮನೆಗಳಲ್ಲೆಲ್ಲ ಹೇಳುತ್ತಿದ್ದ. ಮಕ್ಕಳು ಆ ಕಥೆ ಕೇಳಿಯೇ ದೊಡ್ಡವರಾದವರು.

ಮುತ್ತಜ್ಜ ತೀರಿದ ವರ್ಷ ಯಾವುದೆಂದು ಕೇಳಿಕೊಂಡು ಉಸ್ತಾದರು ಅತ್ತೆಯ ಕಡೆ ನೋಡಿದರು. “ಹೇಳಲೇನ್ರಿ ಅಕ್ಕಾರ?”

“ಹೇಳ್ರಿ.”

“ಮುತ್ತಜ್ಜ ಕಣ್ಣು ಮುಚ್ಚಿದ ಮ್ಯಾಲ ಹುಟ್ಟಿದ್ದು ಇದು.”

ಅತ್ತೆ ಆ ಕಟ್ಟಿಗೆಯ ಹೋಳನ್ನು ಸೆರಗಿನಿಂದ ಒರೆಸಿದಳು. “ಸುಳ್ಳು ಹೇಳ್ಯಾರ. ಹೇಳ್ಲಿ. ಕಳವು ಮಾಡಿಲ್ಲಲ್ಲ. ಹುಡುಗರಿಗೆ ಮಾತ್ರ ತಿಳಿಯೂದು ಬ್ಯಾಡ.”

ಉಸ್ತಾದರ ಅಚ್ಚಿನ ಚೀಟಿಯಲ್ಲಿ ನಂಬರು, ಸ್ಥಿತಿ, ತಯಾರಾದ ಕಾಲ ಎಂದು ಮೂರು ಸಾಲು. ಮೂರನೆಯದು ಅವರ ಹೆಮ್ಮೆ, ಅದನ್ನು ಖಾಲಿ ಬಿಟ್ಟವರಲ್ಲ.

“ಅದನ್ನೂ ಬರೀರಿ ಉಸ್ತಾದ್ರ” ಎಂದೆ. “ನೋಡಿದ್ದು ಬರೀರಿ ಅಂತ ನೀವೇ ಹೇಳ್ತೀರಿ.”

“ನೀವು ಕಲಿತವ್ರು ಭಾಳ ಅವಸರ ಮಾಡ್ತೀರಿ ಸಾಹೇಬ್ರ. ಠಾಣಾದವ್ರು ನಂಬರ್ ಕೇಳ್ಯಾರ, ವಯಸ್ಸು ಕೇಳಿಲ್ಲ.”

ನಾನು ಮತ್ತೆ ಒತ್ತಾಯಿಸಿದೆ. ಅವರ ಪೆನ್ನು ಮೂರನೆಯ ಸಾಲಿಗೆ ಇಳಿದದ್ದು ನೆನಪಿದೆ. ಅತ್ತೆ ಚೀಟಿಯನ್ನು ಓದದೆ ಮಡಚಿಕೊಂಡಳು. ಪೇದೆಯನ್ನು ಎಬ್ಬಿಸಿದೆವು. ಠಾಣೆಯಲ್ಲಿ ಮರುಮಾತಿಲ್ಲದೆ ಒಪ್ಪಿ ಚೀಟಿಯನ್ನು ಮರಳಿಸಿದರು; ಅತ್ತೆ ಅದನ್ನು ಲೈಸೆನ್ಸಿನ ಕಡತದಲ್ಲಿ ಇಟ್ಟಳು.

ಅವರು ಬರೆದರೆಂದೇ ನಾನು ನಂಬಿದ್ದೆ. ಆ ಕಡತ ಮಕ್ಕಳ ಕೈಗೆ ಹೋಗಿಯೇ ಹೋಗುತ್ತದೆ, ಅತ್ತೆ ಕೇಳಿಕೊಂಡ ಒಂದೇ ಒಂದನ್ನು ನನ್ನ ಹಟ ಕೆಡಿಸಿತು ಎಂಬ ಚುಚ್ಚು ಹೋಗಲಿಲ್ಲ. ಆಕೆಯ ಮುಖ ನೋಡಿ ಕೇಳುವ ಧೈರ್ಯವೂ ಬರಲಿಲ್ಲ. ಉಸ್ತಾದರನ್ನು ಕೇಳೋಣವೆಂದು ಮುಂದೂಡುತ್ತಿರುವಾಗಲೇ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲಿ ಯಾರು ಯಾರಿದ್ದರೆಂಬುದೂ ಈಗ ಮಸುಕು.

ಮೊನ್ನೆ ಬಸವಕಲ್ಯಾಣಕ್ಕೆ ಹೋದಾಗ ಅತ್ತೆಯ ಮಗ ಏನೋ ಹುಡುಕುತ್ತ ಆ ಕಡತ ತೆಗೆದ. ನಾನೇ ಕೈಯಾರೆ ಚೀಟಿ ಬಿಡಿಸಿ ನೋಡಿದೆ. ನಂಬರು ಸ್ಪಷ್ಟವಾಗಿದೆ. ಸ್ಥಿತಿ ಚಲೋ ಎಂದಿದೆ. ತಯಾರಾದ ಕಾಲ ಎಂಬುದರ ಮುಂದೆ ಪೆನ್ನು ಊರಿ ಎತ್ತಿದ ಒಂದು ಮಸಿಯ ಚುಕ್ಕೆ. ಅದರಾಚೆ ಏನೂ ಬರೆದಿಲ್ಲ.