ಘಾಟ್ ಹತ್ತಿದ ಲಾರಿ

ಅಟ್ಟ ಸ್ವಚ್ಛ ಮಾಡುವಾಗ ವಿಡಿಯೊ ಗೇಮಿನ ಹಳೆಯ ಕಂಟ್ರೋಲರ್ ಒಂದು ಸಿಕ್ಕಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ ನೋಡಿ, ಬಟ್ಟೆಯೆಲ್ಲ ಕೆಂಪು! ಗುಂಡಿಗಳ ಸಂದಿಯಲ್ಲಿ ಗಣಿ ಕಾಲದ ಧೂಳು ಇನ್ನೂ ಕೂತಿದೆ. ಸಂಡೂರಿನ ಅದಿರು ಲಾರಿಗಳು ಹಗಲಿಡೀ ಹಾಯುತ್ತಿದ್ದ ಆ ದಿನಗಳಲ್ಲಿ ಹೊಸಪೇಟೆಯಲ್ಲಿ ಬಿಳಿ ಅಂಗಿ ತೊಡಲು ಎದೆಗಾರಿಕೆ ಬೇಕಿತ್ತು. ನಾನು ತೊಡುತ್ತಿದ್ದೆ. ಅಮ್ಮ ಒಗೆಯುತ್ತಿದ್ದಳಲ್ಲ, ನನಗೇನು?

ಬಸ್ ನಿಲ್ದಾಣದ ಹಿಂದೆ ಅಣ್ಣನ ವಿಡಿಯೊ ಗೇಮ್ ಅಂಗಡಿ ಇತ್ತು. ಅವನ ಹೆಂಡತಿ ಸುಧಾ ವೈನಿ ಕಂಪ್ಲಿಯವರು, ಗಣಿತ ಓದಿ ಕಂಪ್ಯೂಟರ್ ಕೋರ್ಸ್ ಮಾಡಿದವರು. ಬಂದ ಹೊಸದರಲ್ಲಿ ಮನೆಯಲ್ಲಿ ಅವರ ದನಿಯೇ ಕೇಳುತ್ತಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಕೂತು ತಾವೇ ಒಂದು ಗೇಮ್ ಬರೆದರು: ಅದಿರು ತುಂಬಿದ ಲಾರಿ ಸಂಡೂರಿನ ಘಾಟ್ ಹತ್ತಿ ಹೊಸಪೇಟೆ ಸೇರಬೇಕು. ಚಿತ್ರಗಳು ನನ್ನವು. ನನ್ನ ಲಾರಿಯನ್ನು ಕೆಲವರು ಎಮ್ಮೆ ಎಂದರು, ಇರಲಿ. ಮಂದಿ ಸಾಲುಗಟ್ಟಿ ಆಡಿದರು. ವೈನಿ ಮನೆಯಲ್ಲಿ ಜೋರಾಗಿ ನಗತೊಡಗಿದ್ದು ಆಮೇಲೆಯೇ.

ಅಷ್ಟರಲ್ಲಿ ಅಂಗಡಿಗೆ ಗೇಮ್ ಆಡಿಸುವ ಹೊಸ ಯಂತ್ರ ಬಂತು. ಅಣ್ಣ ವೈನಿಗೆ ನೇರವಾಗಿ ಹೇಳಿದ: "ಎಲ್ಲಾರೂ ಹೊಸಾದ ಕೇಳ್ತಾರ. ಶನಿವಾರ ಹಳೇ ಮಶೀನ್ ಮಾರಿಬಿಡ್ತೀನಿ. ನಿನ್ನ ಲಾರಿ ಇದ್ರಾಗ ಓಡಿದ್ರ ಇರ್ಲಿ, ಇಲ್ಲಂದ್ರ ಬಿಡು."

ವೈನಿಯ ಮುಖ ಸಣ್ಣದಾಯಿತು. ನನಗೆ ಅಣ್ಣನ ಮೇಲೆ ಕೆಂಡದಂಥ ಸಿಟ್ಟು ಬಂತು; ಹಾಕಿದ ಉಪ್ಪಿಟ್ಟು ತಿಂದು ಕೈ ತೊಳೆದೆ.

ಹೊಸ ಯಂತ್ರಕ್ಕೆ ಹಳೆಯದರ ಭಾಷೆ ತಿಳಿಯದು. ಗೇಮ್ ಏಳಲೇ ಇಲ್ಲ. ವೈನಿ ಮುಕ್ಕಾಲು ಪಾಲು ಮತ್ತೆ ಬರೆದರು. ಎದ್ದಿತು, ಎದ್ದದ್ದೇ ಲಾರಿ ದೆವ್ವ ಬಡಿದಂತೆ ಓಡಿ ಕಣಿವೆಗೆ ಬಿತ್ತು! ಯಂತ್ರ ಪರದೆಯ ಮೇಲೆ ಒಂದು ಚಿತ್ರ ಬಿಡಿಸಿದರೆ ಲಾರಿ ಒಂದು ಹೆಜ್ಜೆ ಇಡಬೇಕು ಎಂದು ಮೊದಲು ಬರೆದಿದ್ದರು. ಇದೋ ಸರಸರ ಬಿಡಿಸುವ ಯಂತ್ರ. ವೈನಿ ಚಿತ್ರದ ಲೆಕ್ಕ ಬಿಟ್ಟು ಲಾರಿಯನ್ನು ಗಡಿಯಾರಕ್ಕೆ ಕಟ್ಟಿದರು: ಸೆಕೆಂಡಿಗೆ ಇಷ್ಟೇ ದೂರ. ಸರಿಹೋಯಿತು ಎಂದು ಚಹಾ ಕುಡಿದೆವು.

ಯಶವಂತನಗರದ ಗಣಿ ಕಚೇರಿಯ ಗುಮಾಸ್ತರೊಬ್ಬರು ನಮ್ಮ ಖಾಯಂ ಗಿರಾಕಿ. ಆಡಿ ನೋಡಿ ಮುಖ ಹುಳ್ಳಗೆ ಮಾಡಿದರು. "ಮಸ್ತ್ ಕಾಣ್ತದರಿ ವೈನಿ. ಆದ್ರ ಘಾಟಿನ್ಯಾಗ ಮೊದಲಿನ ಮಜಾ ಇಲ್ರಿ. ಖಾಲಿ ಲಾರಿ ಹೊಡದಂಗ ಆಗ್ತದ."

ಎರಡೂ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ಆಡಿದೆವು. ಆಗ ಗುಟ್ಟು ತಿಳಿಯಿತು. ಘಾಟಿನ ಚಿತ್ರದಲ್ಲಿ ನಾನು ಚುಕ್ಕೆ ಚುಕ್ಕೆಯಾಗಿ ಬೇಕಾಬಿಟ್ಟಿ ಧೂಳು ಹಾಕಿದ್ದೆ. ಅಷ್ಟನ್ನು ಬಿಡಿಸಲಾರದೆ ಹಳೆಯ ಯಂತ್ರ ಅಲ್ಲಿ ಏದುಸಿರು ಬಿಟ್ಟು ನಿಧಾನವಾಗುತ್ತಿತ್ತು. ಆಡುವವರು ಅದನ್ನೇ ಲಾರಿಯ ಭಾರ ಎಂದು ತಿಳಿದಿದ್ದರು! ನಾವು ಕೂಡ.

"ಅಯ್ಯೋ ಶಿವನೇ! ಇಷ್ಟ ದಿನಾ ಮಶೀನಿನ ಸುಸ್ತಿಗೆ ಮಂದಿ ನನ್ನ ಹೊಗಳಿದ್ರೇನೋ?" ಎಂದು ವೈನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೆರಗು ಸಿಕ್ಕಿಸಿ ಕೂತು, ಸುಸ್ತೇ ಅರಿಯದ ಯಂತ್ರಕ್ಕೆ ಸುಸ್ತಾಗುವುದನ್ನು ಕಲಿಸಿದರು. ಏರು ಬಂದಾಗ ಲಾರಿ ಹೇಗೆ ಮುಗ್ಗರಿಸಬೇಕು, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲವನ್ನೂ ಬರೆದರು.

ಶನಿವಾರ ಅಣ್ಣನೇ ಆಡಲು ಕೂತ. ಘಾಟ್ ಬಂತು. ಲಾರಿ ನರಳಿತು. ಅಣ್ಣ ತನಗೇ ಅರಿವಿಲ್ಲದೆ ಮುಂದಕ್ಕೆ ಬಾಗಿದ, ಹಿಂದೆ ನಿಂತ ಗಿರಾಕಿಗಳೂ ಬಾಗಿದರು. ತುದಿ ಮುಟ್ಟಿದಾಗ ಅವನು ಹಣೆ ಒರೆಸಿಕೊಂಡು, "ಭಾಳ ಚಲೋ ಆಗೇದ, ಇದನ್ನ ತಗೀಬ್ಯಾಡ" ಎಂದ. ವೈನಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಈಗ ಅಂಗಡಿ ಇಲ್ಲ, ಲಾರಿಗಳ ಆ ಸಾಲೂ ಇಲ್ಲ. ಒರೆಸಿದ ಕಂಟ್ರೋಲರನ್ನು ಅಡುಗೆಮನೆಗೆ ಒಯ್ದು ವೈನಿಗೆ ತೋರಿಸಿದೆ. ಕೈ ಸೆರಗಿಗೆ ಒರೆಸಿಕೊಂಡು ಹಿಡಿದರು. ಟಿವಿಯಿಲ್ಲ, ಯಂತ್ರವಿಲ್ಲ, ಹೆಬ್ಬೆರಳು ತಾನಾಗಿ ಗುಂಡಿ ಒತ್ತಿತು, ಭುಜ ಮುಂದಕ್ಕೆ ಬಾಗಿತು. ನೋಡುತ್ತ ನಿಂತ ನಾನೂ ಬಾಗಿದ್ದೆ.

ಅಣ್ಣ ಬಾಗಿಲಲ್ಲಿ ನಿಂತು ಕೇಳಿದ: "ಇಬ್ರೂ ಏನ್ ಮಾಡಾಕತ್ತೀರಿ?"

"ಘಾಟ್ ಹತ್ತಾಕತ್ತೀವಿ, ಸುಮ್ಕಿರ್ರಿ" ಎಂದರು ವೈನಿ.