ಘಟ್ಟ ಹತ್ತಿದ ಸೈಕಲ್ಲಿನ ಹಿಂದೆ

ಸೈಕಲ್ ಹೊಡೆಯುವುದು ನನಗೆ ಬರುವುದಿಲ್ಲ. ಆದರೆ ಹುಲಿಕಲ್ ಘಟ್ಟವನ್ನು ಸೈಕಲ್ಲಿನಲ್ಲಿ ಹತ್ತುವುದು ಹೇಗೆ ಅಂತ ನನ್ನನ್ನು ಕೇಳಿ. ಇಡೀ ಹೊಸನಗರ ತಾಲೂಕಿನಲ್ಲಿ ನನ್ನಷ್ಟು ಬಲ್ಲವರು ಸಿಗಲಿಕ್ಕಿಲ್ಲ. ಇದೇನು ಅಜ್ಜಿಯ ಜಂಬ ಅನ್ನಬೇಡಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಜಂಬ ಕೊಚ್ಚಲು ಇರುವುದು ಇದೊಂದೇ. ಅದನ್ನೂ ನಮ್ಮ ಯಜಮಾನರು ತಮ್ಮದು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ನನಗೆ ಸಿಟ್ಟಿರುವುದು ಅದಕ್ಕೇ.

ಅರವತ್ತರ, ಎಪ್ಪತ್ತರ ದಶಕ ಪೂರ್ತಿ ನಮ್ಮದು ಒಣಮೀನಿನ ವ್ಯಾಪಾರ. ನಾವಿದ್ದದ್ದು ಘಟ್ಟದ ಮೇಲೆ, ಮಾಸ್ತಿಕಟ್ಟೆಯ ಹತ್ತಿರ. ಮೀನು ಸಿಗುವುದು ಘಟ್ಟದ ಕೆಳಗೆ. ಹೊಸಂಗಡಿಗೆ ಇಳಿದು ಬಂಗಡೆ, ಸೀಗಡಿ ಕೊಂಡು, ಮೇಲೆ ತಂದು ಸಂತೆಯಲ್ಲಿ ಮಾರಬೇಕು. ಬಸ್ಸಿತ್ತು. ಆದರೆ ಒಣಮೀನಿನ ಮೂಟೆ ಕಂಡರೆ ಕಂಡಕ್ಟರ್ ಮೂಗು ಮುಚ್ಚಿಕೊಂಡು ಸೀಟಿ ಊದಿಬಿಡುತ್ತಿದ್ದ. ಹಾಗಾಗಿ ಸೈಕಲ್ಲು. ಅದು ನನ್ನ ಅಪ್ಪ ತೀರ್ಥಹಳ್ಳಿಯಿಂದ ತಂದು ಮದುವೆಯಲ್ಲಿ ಅಳಿಯನಿಗೆ ಕೊಟ್ಟಿದ್ದು. ಮಗಳು ಅದರ ಮೇಲೆ ಕೂತು ತವರಿಗೆ ಬರುತ್ತಾಳೆ ಅಂತ ಪಾಪ ಅಪ್ಪನ ಎಣಿಕೆ.

ನಮ್ಮ ಕಡೆಯ ಮೀನಿನ ವ್ಯಾಪಾರದವರಲ್ಲಿ ಒಂದು ಪದ್ಧತಿ. ಗಂಡ ಸೀಟಿನ ಮೇಲೆ, ಮೂಟೆ ಕ್ಯಾರಿಯರಿನ ಮೇಲೆ, ಹೆಂಡತಿ ರಸ್ತೆಯ ಮೇಲೆ. ಹಳೇ ಟ್ಯೂಬಿನಿಂದ ಮೂಟೆ ಬಿಗಿದ ಮೇಲೆ ಅವರು ಹತ್ತಿ ಕೂರುತ್ತಾರೆ, ನಾವು ಹಿಂದಿನಿಂದ ದೂಡುತ್ತೇವೆ. ಘಟ್ಟ ಮುಗಿಯುವವರೆಗೂ. ಅವರು ಪೆಡಲ್ ತುಳಿಯುತ್ತಿರಲಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ತುಳಿಯುತ್ತಿದ್ದರು, ಕಾಲು ಆಡಿಸುವಷ್ಟು. ಇಳಿದು ದೂಡಬಾರದೇ ಅಂದರೆ, "ಹ್ಯಾಂಡಲ್ ನೆಟ್ಟಗೆ ಹಿಡಿಯೋಕೆ ಒಬ್ರು ಬೇಕಲ್ಲ ಮಾರಾಯ್ತಿ" ಅನ್ನುತ್ತಿದ್ದರು. ಹ್ಯಾಂಡಲನ್ನು ನಡೆದುಕೊಂಡೂ ಹಿಡಿಯಬಹುದು ಅನ್ನುವುದು ಆ ಗಂಡಸರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇಳಿಯುವಾಗಿನ ಚಂದ ಕೇಳಿ. ಆಗ ಕ್ಯಾರಿಯರ್ ಖಾಲಿ. ನಾನು ಕೂರಲಾ ಅಂದರೆ, ಭಾರಕ್ಕೆ ಬ್ರೇಕು ಹಿಡಿಯುವುದಿಲ್ಲ ಅನ್ನುತ್ತಿದ್ದರು. ಸರಿ, ನಾನಿಲ್ಲದಿದ್ದರೆ ಹಿಡಿಯುತ್ತಿತ್ತೋ? ಅದೂ ಇಲ್ಲ. ಒಂದು ದೊಡ್ಡ ಸೊಪ್ಪಿನ ಕೊಂಬೆ ಕಡಿದು ಸೈಕಲ್ಲಿನ ಹಿಂದೆ ಕಟ್ಟುವುದು. ಅದು ರಸ್ತೆಯಲ್ಲಿ ಉಜ್ಜಿಕೊಂಡು ಬಂದರೆ ವೇಗ ತಗ್ಗುತ್ತದೆ. ಕೊಂಬೆಗಿದ್ದ ಮರ್ಯಾದೆ ನನಗಿರಲಿಲ್ಲ. ಅವರು ಕೊಂಬೆ ಎಳೆದುಕೊಂಡು ಹೋಗುತ್ತಿದ್ದರು, ನಾನು ಆ ಧೂಳು ಕುಡಿದುಕೊಂಡು ನಡೆದು ಇಳಿಯುತ್ತಿದ್ದೆ.

ನಾನು ಓದಿದವಳಲ್ಲ, ಆದರೆ ಯಕ್ಷಗಾನದ ಆಟ ನೋಡಿದ್ದೇನೆ. ಮೇಳದವರು ಎಂಥೆಂಥ ಪ್ರಸಂಗ ಆಡಿದರೂ, ಶಿವ ಬಸವನ ಮೇಲೆ ಕೂತು ಕೈಲಾಸ ಹತ್ತುವಾಗ ಪಾರ್ವತಿ ಹಿಂದಿನಿಂದ ದೂಡಿದಳು ಅಂತ ಒಬ್ಬ ಭಾಗವತನೂ ಹಾಡಿದ್ದಿಲ್ಲ. ಇಬ್ಬರೂ ಜೊತೆಗೇ ಕೂರುತ್ತಾರೆ. ವಿಷ್ಣು ಗರುಡನ ಮೇಲೆ ಹೊರಟರೂ ಲಕ್ಷ್ಮಿಗೆ ಜಾಗ ಉಂಟು. ಹೆಂಡತಿಯ ಕೈಯಲ್ಲಿ ವಾಹನ ದೂಡಿಸಿಕೊಂಡ ದೇವರು ನಮ್ಮ ಮನೆಯಲ್ಲಿ ಮಾತ್ರ ಇದ್ದದ್ದು.

ದೂಡುವವಳ ಮುಖ ಎಲ್ಲಿರುತ್ತದೆ ಗೊತ್ತೇ? ಮೂಟೆಯ ಮೇಲೆ. ಘಟ್ಟದುದ್ದಕ್ಕೂ ನಾನು ಕಂಡದ್ದು ಗೋಣಿಯ ನೇಯ್ಗೆ, ಉಸಿರಾಡಿದ್ದು ಸೀಗಡಿ. ಬಗ್ಗಿ ದೂಡುವುದರಿಂದ ಎದುರು ಬರುವವರಿಗೆ ನಾನು ಕಾಣುತ್ತಲೂ ಇರಲಿಲ್ಲ. ಅವರಿಗೆ ಕಾಣುವುದು ಇಷ್ಟೇ: ಅಂಥ ಏರಿನಲ್ಲಿ, ಅಷ್ಟು ದೊಡ್ಡ ಮೂಟೆ ಹೇರಿಕೊಂಡು, ಒಬ್ಬ ಗಂಡಸು ಸೀಟಿನಿಂದ ಇಳಿಯದೆ ಬರುತ್ತಿದ್ದಾನೆ. ಲಾರಿಯವರು ತಲೆ ಹೊರಗೆ ಹಾಕಿ ಶಹಬ್ಬಾಸ್ ಅನ್ನುತ್ತಿದ್ದರು. ನಮ್ಮವರು ಕೈ ಎತ್ತುತ್ತಿದ್ದರು. ಆಗ ಹ್ಯಾಂಡಲ್ ಯಾರು ಹಿಡಿಯುತ್ತಿದ್ದರೋ!

ಹೀಗೆ ಅವರು ಹೆಸರುವಾಸಿಯಾದರು. ಚಾದಂಗಡಿಯಲ್ಲಿ ಕೂತು, "ಕಾಲು ನೆಲಕ್ಕೆ ತಾಗಿಸ್ದೆ ಘಟ್ಟ ಹತ್ತಿದೋನು ನಾನೊಬ್ನೇ" ಅನ್ನುವರು. ಸಾಗರದಿಂದ ಬಂದ ನೆಂಟರೂ ಅದನ್ನು ಕೇಳಿ ತಲೆದೂಗಿ ಹೋದರು. ನನ್ನ ಹತ್ತಿರ ಹೇಳುವ ಧೈರ್ಯ ಮಾತ್ರ ಮಾಡಲಿಲ್ಲ. ನಾನೂ ಅಡಿಗೆ ಒಲೆಯ ಮುಂದೆ ಗೊಣಗಿಕೊಂಡು ಸುಮ್ಮನಿದ್ದೆ. ಮುಂದೆ ಅವರ ಮಂಡಿ ಹಿಡಿದುಕೊಂಡಿತು. ಸಂತೆಯ ವ್ಯಾಪಾರ ಮಗ ಮಂಜನ ಕೈಗೆ ಬಂತು. ಮೊದಮೊದಲು ಮಂಜ ಒಬ್ಬನೇ ಹೋಗಿ ಸ್ವಲ್ಪಸ್ವಲ್ಪವೇ ತರುತ್ತಿದ್ದ. ಕೆಳಗೆ ನೀರಿನಿಂದ ಕರೆಂಟು ತೆಗೆಯುವ ಕೆಲಸ ಶುರುವಾಗಿ ಘಟ್ಟದ ತುಂಬ ಲಾರಿ ಓಡಾಡುವ ಕಾಲ ಅದು. ಅವನಿಗೆ ಮದುವೆಯಾಯಿತು. ಸೊಸೆ ಸುಶೀಲ ಬಂದಳು.

ಅವಳು ಬಸುರಿಯಾದಳು. ಆ ಹುಡುಗಿಗೆ ಎಂಥ ಸಂಕಟ ಅಂದರೆ, ಅಂಗಳದ ಮೂಲೆಯಲ್ಲಿ ಮೀನಿನ ಗೋಣಿ ಕೊಡವಿದರೆ ಒಳಗೆ ಅವಳಿಗೆ ವಾಂತಿ. ಐದು ತಿಂಗಳಾದರೂ ಅನ್ನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೀಗಿರುವಾಗ ಒಂದು ಸಂತೆಯ ಹಿಂದಿನ ದಿನ ಮಂಜ ಟ್ಯೂಬು ಸುತ್ತಿಕೊಳ್ಳುತ್ತ, "ಇವತ್ತು ದೊಡ್ಡ ಮೂಟೆ ತರ್ಬೇಕು. ಸುಶೀಲಾ, ಹೊರಡು" ಅಂದ.

ಅವಳು ನನ್ನ ಮುಖ ನೋಡಿದಳು. ನಾನು ಮಂಜನಿಗೆ, "ಬಸುರಿ ಹೆಂಗ್ಸನ್ನ ಘಟ್ಟ ದೂಡ್ಸೋಕೆ ಕರ್ಕಂಡ್ ಹೋಗ್ತೀಯೇನೋ?" ಅಂದೆ. ಉತ್ತರ ಬಂದದ್ದು ಜಗುಲಿಯಿಂದ. ನಮ್ಮ ಯಜಮಾನರು ಎಲೆಗೆ ಸುಣ್ಣ ಸವರುತ್ತ, "ಮಂಜ ಹೊಟ್ಟೇಲಿದ್ದಾಗ ನೀನೂ ದೂಡಿಲ್ವಾ? ಏನಾಯ್ತು?" ಅಂದರು.

"ಏನಾಯ್ತಾ? ಇಂಥೋನು ಹುಟ್ಟಿದ, ಅದೇ ಆಯ್ತು" ಅಂದೆ.

ಅಷ್ಟು ವರ್ಷ ಒಲೆಯ ಮುಂದೆ ಗೊಣಗಿದ್ದು ಒಮ್ಮೆಗೇ ಜಗುಲಿಗೆ ಬಂದಿತ್ತು. ಇವರೇ ಬಾಯಿ ಬಿಟ್ಟು ಹೇಳಿದಂತಾಯಿತಲ್ಲ, ದೂಡಿದ್ದು ನಾನು ಅಂತ! ಸುಶೀಲಳಿಗೆ ಒಳಗೆ ಹೋಗಿ ಮಲಗು ಅಂದೆ. ಮಂಜನಿಗೆ, "ನಡಿ, ನಾನು ಬರ್ತೀನಿ" ಅಂದೆ. ಅವನಿಗೆ ಯಾರಾದರೆ ಏನು, ಎರಡು ಕೈಯಿದ್ದರೆ ಸಾಕು.

ಕೆಳಗೆ ಮೂಟೆ ಬಿಗಿದು ಮಂಜ ಹತ್ತಿ ಕೂತ. ನಾನು ದೂಡಿದೆ. ಮೊದಲು ದಾರಿ ಅಷ್ಟೇನೂ ಕಷ್ಟವಿಲ್ಲ. ಅವನು ಮೇಲೆ ಕೂತು, "ಅಪ್ಪನ್ ಥರಾನೇ ಹತ್ತ್‌ತಿದೀನಿ ನೋಡಮ್ಮ" ಅಂದ. ಗುಡಿಯ ಹತ್ತಿರ, ಲಾರಿಯವರು ನಿಲ್ಲಿಸಿ ಕಾಯಿ ಒಡೆಯುವ ಕಡೆ, ಒಂದು ತಿರುವಿದೆ. ಗೋಡೆಯ ಹಾಗೆ ಎದ್ದು ನಿಂತಿದೆ. ಅಲ್ಲಿ ನಾನು ಮೂಟೆಯಿಂದ ಕೈ ತೆಗೆದೆ.

ಸೈಕಲ್ಲು ಒಂದು ಸಲ ಆಚೆ, ಒಂದು ಸಲ ಈಚೆ ಓಲಾಡಿತು. ಮಂಜ ದಡಬಡ ಎರಡೂ ಕಾಲು ಕೆಳಗೆ ಕೊಟ್ಟ.

"ಏನಾಯ್ತಮ್ಮಾ? ಕಾಲು ಜಾರ್ತಾ?"

"ಎಂತ ಜಾರ್ಲಿಲ್ಲ. ನಿಮ್ಮಪ್ಪ ಒಬ್ನೇ ಹತ್ತಿದ್ನಲ್ಲ, ನೀನೂ ಹತ್ತು."

ಲಾರಿಯವರು ನೋಡುತ್ತಿದ್ದರು. ಅವನಿಗೆ ಮಾನದ ಪ್ರಶ್ನೆ. ಮತ್ತೆ ಹತ್ತಿ, ಪೆಡಲ್ ಮೇಲೆ ಎದ್ದು ನಿಂತು, ಹಲ್ಲು ಕಚ್ಚಿ ತುಳಿದ. ಚಕ್ರ ಒಂದು ಸುತ್ತೂ ಬರಲಿಲ್ಲ. ಒಬ್ಬ ಡ್ರೈವರ್, "ಅಮ್ಮಾ, ಒಂದು ಕೈ ಕೊಡಿ ಮಾರಾಯ್ರೆ, ಪಾಪ" ಅಂದ. "ನಿಂದೂ ಎರ್ಡು ಕೈಯಿದ್ಯಲ್ಲ, ನೀನೇ ಕೊಡು" ಅಂದೆ. ಅವನು ಕಾಯಿ ಒಡೆಯಲು ಹೋದ.

ಮಂಜ ಇಳಿದ. ಹ್ಯಾಂಡಲ್ ಹಿಡಿದು, ಎದೆ ಕೊಟ್ಟು, ತಾನೇ ದೂಡಿಕೊಂಡು ಹೊರಟ. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ನಾನು ಅವನ ಮುಂದೆ ಕೈ ಬೀಸಿಕೊಂಡು ನಡೆದೆ. ಆಗ ಪಕ್ಕಕ್ಕೆ ನೋಡಿದರೆ ಕಣಿವೆ! ಆಚೆ ಗುಡ್ಡ, ಅದರಾಚೆ ಇನ್ನೊಂದು ಗುಡ್ಡ, ಎಲ್ಲೋ ಬಿಳೀ ದಾರದ ಹಾಗೆ ನೀರು ಬೀಳುತ್ತಿತ್ತು. ಇಷ್ಟು ವರ್ಷ ಇದೇ ದಾರಿಯಲ್ಲಿ ಏರಿದವಳು, ಏರುವಾಗ ಇದು ಹೀಗಿರುತ್ತದೆ ಅಂತ ನೋಡಿರಲಿಲ್ಲ. ಚಂದವಿತ್ತು. ಸಿಟ್ಟು ಇಳಿಯಬೇಕಿತ್ತು, ಇನ್ನೂ ಏರಿತು.

ಮನೆ ಮುಟ್ಟಿದ ಮೇಲೆ ನಮ್ಮ ಯಜಮಾನರು, "ಹತ್ತಿದ್ಯೇನೋ?" ಅಂದರು. ಮಂಜ ಮೂಟೆ ಇಳಿಸಿ, "ಅಪ್ಪಾ, ನೀನು ಒಂದ್ ಸಲಾನಾದ್ರೂ ಒಬ್ನೇ ಹತ್ತಿದ್ಯಾ?" ಅಂತ ಕೇಳಿದ. ಅವರ ಬಾಯಿತುಂಬ ಎಲೆಯಡಿಕೆ ಇತ್ತು. ಅದನ್ನು ಅಷ್ಟು ಹೊತ್ತು ಅಗಿದದ್ದನ್ನು ನಾನು ನೋಡಿಲ್ಲ.

ಸುಶೀಲ ಘಟ್ಟ ದೂಡಲಿಲ್ಲ, ಆಮೇಲೂ ಯಾವತ್ತೂ ದೂಡಲಿಲ್ಲ. ಮಂಜ ಪಕ್ಕದ ಮನೆಯ ಗಂಡಸಿನ ಜೊತೆ ಸೇರಿಕೊಂಡ. ಏರು ಜೋರಿದ್ದಲ್ಲಿ ಇಬ್ಬರೂ ಸೇರಿ ಒಂದು ಸೈಕಲ್ಲನ್ನು ಮೇಲಕ್ಕೆ ದೂಡಿ ನಿಲ್ಲಿಸಿ, ಇಳಿದು ಬಂದು ಇನ್ನೊಂದನ್ನು ದೂಡುವುದು. ನಮ್ಮ ಯಜಮಾನರು ಚಾದಂಗಡಿಯಲ್ಲಿ, "ಈಗಿನ್ ಹುಡುಗ್ರಿಗೆ ದಮ್ಮಿಲ್ಲ" ಅನ್ನುವುದನ್ನು ಬಿಡಲಿಲ್ಲ.

ಸೊಸೆ, ನಿಮ್ಮಿಂದ ದೊಡ್ಡ ಉಪಕಾರವಾಯಿತು ಅಂತ ನನಗೆ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುತ್ತ, "ಅತ್ತೆ, ಅಷ್ಟೇ ಆಗಿದ್ರೆ ನೀವು ಮಾವ ದೂಡಿಸ್ಕೊಳ್ಳೋವಾಗ್ಲೇ ಕೈ ತೆಗೀಬೋದಿತ್ತಲ್ಲ" ಅಂದಳು. ಅವಳ ಮೇಲೂ ಸಿಟ್ಟು ಬಂತು. ಯಾಕೆ ಅಂದರೆ ಮಾತು ಸರಿಯಾಗಿತ್ತು. ದೂಡುವವರಿಗೆ ಇರುವುದು ಒಂದೇ ಹೆದರಿಕೆ: ಕೈ ತೆಗೆದರೆ ಎಲ್ಲ ಹಿಂದಕ್ಕೆ ಉರುಳಿ ನಮ್ಮ ಮೇಲೇ ಬೀಳುತ್ತದೆ ಅಂತ. ಬೀಳುವುದಿಲ್ಲ. ಮೇಲೆ ಕೂತವರು ಇಳಿಯುತ್ತಾರೆ, ಅಷ್ಟೇ.